ಸಾಕು ಅಂದರೆ ಹಾಕು

ಮಂಗಳವಾರ, ೧೪

ಗಂಜಿ ಅಂಗಡಿಯ ಯಜಮಾನರ ಕಿವಿಯದೇ ಯೋಚನೆ ಇವತ್ತೆಲ್ಲ.

ಇಸ್ತ್ರಿ ಅಂಗಡಿಯಲ್ಲಿ ಈ ತಿಂಗಳು ನನಗೂ ನಾದಿನಿಗೂ ಅರ್ಧ ದಿನದ ಕೆಲಸವಷ್ಟೇ. ಅದಕ್ಕೇ ಮಧ್ಯಾಹ್ನ ಪಕ್ಕದಲ್ಲಿ ಅರ್ಧರ್ಧ ಬಟ್ಟಲು ಗಂಜಿ ಹೇಳುತ್ತೇವೆ. ಯಜಮಾನರಿಗೆ ಕಿವಿ ಮಂದ. ನಾನು "ಸಾಕು" ಎಂದರೆ ಅವರಿಗೆ "ಹಾಕು" ಎಂದು ಕೇಳಿಸಿ ಇನ್ನೊಂದು ಸೌಟು ಸುರಿದುಬಿಡುತ್ತಾರೆ, ದುಡ್ಡು ಮಾತ್ರ ಅರ್ಧ ಬಟ್ಟಲಿನದೇ ತೆಗೆದುಕೊಳ್ಳುತ್ತಾರೆ. ಚೆಲ್ಲಿದರೆ ಪಾಪ ಎಂದು ಕುಡಿಯುತ್ತೇನೆ. ಹಸಿವೂ ಇರುತ್ತದೆ, ಸುಳ್ಳೇಕೆ.

ಇವತ್ತೂ "ಸಾಕು ಯಜಮಾನ್ರೇ, ಸಾಕು!" ಎಂದೆ.

"ಹಾಕ್ದೆ, ಹಾಕ್ದೆ, ಅವಸರ ಮಾಡ್ಬೇಡಿ ಅಕ್ಕಾ," ಎಂದು ಎರಡು ಸೌಟು ಹಾಕಿದರು. ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಆಮೇಲೆ ಬಾಗಿಲ ಹತ್ತಿರ ಕೈ ತೊಳೆಯುವಾಗ ಅವಳು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಅತ್ತಿಗೆ, ಇವತ್ತು ಉಪ್ಪು ಸ್ವಲ್ಪ ಕಮ್ಮಿ ಅಲ್ವಾ?"

ಅಷ್ಟು ದೂರದ ಒಲೆಯ ಕಡೆಯಿಂದ ಉತ್ತರ ಬಂತು. "ನಾಳೆ ಸರಿ ಮಾಡ್ತೀನಿ ತಾಯಿ!"

ಹೇಳಿದ ಮೇಲೆ ಯಜಮಾನರು ನಾಲಿಗೆ ಕಚ್ಚಿಕೊಂಡು ಆ ಕಡೆ ತಿರುಗಿಬಿಟ್ಟರು.

ಪುಕ್ಕಟೆ ಎಂದು ಕೊಟ್ಟಿದ್ದರೆ ನಾನು ಮುಟ್ಟುತ್ತಿರಲಿಲ್ಲ, ಮತ್ತೆ ಆ ಕಡೆ ತಲೆ ಹಾಕುತ್ತಲೂ ಇರಲಿಲ್ಲ. ಅದು ಅವರಿಗೆ ಮೊದಲ ದಿನವೇ ತಿಳಿದಿರಬೇಕು. ನಾನೋ, ದಿನಾ ಮಲಗುವ ಮುಂಚೆ ಅವರ ಕಿವಿ ಸರಿ ಮಾಡಪ್ಪ ಎಂದು ಬೇಡುತ್ತಿದ್ದೆ!

ಇನ್ನು ಹೋಗಲೋ ಬೇಡವೋ ಎಂದು ಸಂಜೆಯೆಲ್ಲ ಒದ್ದಾಡಿದೆ. ಹೋಗುತ್ತೇನೆ. "ಸಾಕು" ಎಂದೇ ಹೇಳುತ್ತೇನೆ.

ದೇವರೇ, ಹಳೆಯ ಬೇಡಿಕೆ ಮರೆತುಬಿಡು. ಆ ಪುಣ್ಯಾತ್ಮರ ಕಿವಿ ಈಗಿರುವ ಹಾಗೇ ಇರಲಿ. ಕಣ್ಣು ಎಳೆಯುತ್ತಿದೆ, ಇನ್ನು