ನೀರು ಮುಟ್ಟದ ಹಲಗೆ ದಾರಿ

ಕರಾವಳಿ ಮಹಾನಗರದ ಪ್ರವಾಸಿ ಮಾಹಿತಿ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ತಮ್ಮ ಕಚೇರಿ ಹೊರತಂದ ‘ಮೊದಲ ಸಲ ಬಂದವರು ನೋಡಲೇಬೇಕಾದ ಹನ್ನೊಂದು ತಾಣಗಳು’ ಎಂಬ ಕಿರುಹೊತ್ತಿಗೆಯಲ್ಲಿ ಏಳನೆಯ ತಾಣ ಸುಳ್ಳು. ಅಲ್ಲಿ ಅಚ್ಚಾಗಿರುವುದು ಇಷ್ಟು: ‘ಕಡಲತೀರದ ಹಲಗೆ ದಾರಿ ನೇರವಾಗಿ ನೀರಿನ ಅಂಚಿಗೆ ಒಯ್ಯುತ್ತದೆ. ಅಲ್ಲಿ ಸಿಗುವ ಗಾಲಿಕುರ್ಚಿಯಲ್ಲಿ ಕುಳಿತವರೂ ಅಲೆಗೆ ಪಾದ ಒಡ್ಡಬಹುದು. ಬೆಳಗ್ಗೆ ಹತ್ತರೊಳಗೆ ಹೋಗಿ, ಆಗ ನೀರು ಹಿತವಾಗಿರುತ್ತದೆ.’ ದಾರಿ ನೀರಿಗೆ ಹೋಗುವುದಿಲ್ಲ. ಗಾಲಿಕುರ್ಚಿ ಇಲ್ಲ. ಇದನ್ನು ನಂಬಿ ಖಾನಾಪುರದಿಂದ ಬಂದ ಅರವತ್ತೆಂಟು ವರ್ಷದ ಹೆಣ್ಣುಮಗಳೊಬ್ಬರು ಎಳನೀರಿನ ಅಂಗಡಿಯ ಹಿಂದೆ ಮೂರು ತಾಸು ಕುಳಿತು, ಒಣಗಾಲಿನಲ್ಲಿ ಊರಿಗೆ ಮರಳಿದ್ದಾರೆ. ಪತ್ರಿಕೆಗೂ ಕೊಡುವ ಬಹಿರಂಗ ಪತ್ರವಾದ್ದರಿಂದ ನಗರದ ಹೆಸರನ್ನು ಬೇಕೆಂದೇ ಇಲ್ಲಿ ಬರೆದಿಲ್ಲ. ತಪ್ಪು ನಗರದ್ದಲ್ಲ, ಕಡಲಿನದಂತೂ ಅಲ್ಲವೇ ಅಲ್ಲ. ಅರ್ಧ ನಿಮ್ಮದು, ಅರ್ಧ ನನ್ನದು. ಯಾಕೆಂದರೆ ಆ ಮೂರು ವಾಕ್ಯಗಳನ್ನು ಬರೆದವನು ನಾನೇ.

ನಾನು ನಿವೃತ್ತ ಕನ್ನಡ ಮಾಸ್ತರ. ಖಾಸಬಾಗದ ಮನೆಯಿಂದ ಹೊರಟು, ರೈಲಿನಲ್ಲಿ ದೇಸೂರ ದಾಟಿ ಖಾನಾಪುರದ ಶಾಲೆಗೆ ಇಪ್ಪತ್ತನಾಲ್ಕು ವರ್ಷ ಹೋಗಿ ಬಂದವನು. ಈಗ ಲಗ್ನಪತ್ರಿಕೆ, ಅಭಿನಂದನ ಪತ್ರ, ಶಾಲೆಗಳ ಸ್ಮರಣ ಸಂಚಿಕೆ ಅಂತ ಯಾರು ಏನು ಕೇಳಿದರೂ ಬರೆದುಕೊಡುತ್ತೇನೆ. ನಮ್ಮೂರಿನ ಒಂದು ಮುದ್ರಣಾಲಯದ ಮೂಲಕ ನಿಮ್ಮ ಕೆಲಸವೂ ನನ್ನ ಮೇಜಿಗೆ ಬಂತು. ಹನ್ನೊಂದು ಫೋಟೋ, ಹನ್ನೊಂದು ಹೆಸರು. ‘ಓದಿದವರು ಎದ್ದು ಹೊರಡುವಂತೆ ಬರೆಯಿರಿ’ ಎಂಬ ಸೂಚನೆ ಬೇರೆ. ಬರೆದೆ. ದೀಪಸ್ತಂಭದ ಮೇಲೆ ಗಾಳಿ ಕಿವಿಯಲ್ಲಿ ಮಾತಾಡುತ್ತದೆ ಎಂದೆ. ಅದು ದುರಸ್ತಿಗೆಂದು ಬಾಗಿಲು ಹಾಕಿ ಎರಡು ವರ್ಷವಾಗಿದೆಯಂತೆ. ಮೀನು ಮಾರುಕಟ್ಟೆ ಕಣ್ಣಿಗೆ ಹಬ್ಬ ಎಂದೆ. ನಾನು ಜೈನ. ಮೀನಂಗಡಿ ಇರುವ ಓಣಿ ಬಂದರೆ ಸುತ್ತು ಹಾಕಿ ಹೋಗುವವನು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಮಾನ್ಯರೇ, ನಾನು ಸಮುದ್ರವನ್ನೇ ನೋಡಿಲ್ಲ. ಬೆಳಗಾವಿಯವನಾಗಿ ಅರವತ್ತಮೂರು ವರ್ಷ ಸಮುದ್ರ ನೋಡದೆ ಇರುವುದು ಸುಲಭದ ಕೆಲಸವಲ್ಲ. ರವಿವಾರ ಬಂತೆಂದರೆ ಅರ್ಧ ಊರು ಗೋವಾಕ್ಕೆ ಇಳಿಯುತ್ತದೆ. ನಾನೂ ಎರಡು ಸಲ ಹೊರಟಿದ್ದೆ. ರಸ್ತೆಯ ತಿರುವು ನನ್ನ ಹೊಟ್ಟೆಗೆ ಆಗಿಬರುವುದಿಲ್ಲ. ಎರಡೂ ಸಲ ಅರ್ಧ ದಾರಿಯ ಕಣಕುಂಬಿಯಲ್ಲಿ ಇಳಿದು, ಗಿಡದ ಬುಡದಲ್ಲಿ ವಾಂತಿ ಮಾಡಿಕೊಂಡು, ಎದುರಿನಿಂದ ಬಂದ ಬಸ್ಸು ಹತ್ತಿ ಮನೆ ಸೇರಿದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗಿ, ಯಾರಾದರೂ ಕಡಲಿನ ಸುದ್ದಿ ತೆಗೆದರೆ ನೋಡಿದವನಂತೆ ತಲೆಯಾಡಿಸುತ್ತಾ ಬಂದೆ. ಅದೇ ಚಾಳಿ ಲೇಖನಿಗೂ ಹತ್ತಿತು.

ಏಳನೆಯ ಫೋಟೋದಲ್ಲಿ ಮರಳಿನ ಮೇಲೆ ಹಲಗೆಯ ದಾರಿ, ಎರಡೂ ಕಡೆ ಕಟಕಟೆ, ತುದಿಯಲ್ಲಿ ನೀಲಿ. ಹಲಗೆ ದಾರಿ ಇದ್ದಮೇಲೆ ಗಾಲಿಕುರ್ಚಿಯೂ ಇದ್ದೀತೆಂದು ಊಹಿಸಿದೆ, ಆ ನೀಲಿಯನ್ನು ನೀರು ಎಂದುಕೊಂಡೆ. ಅದು ನಿಮ್ಮ ಕಚೇರಿ ನಿಲ್ಲಿಸಿದ ಸ್ವಾಗತ ಫಲಕ, ನೀಲಿ ಬಣ್ಣ ಬಳಿದ ತಗಡು ಎಂದು ಈಗ ತಿಳಿಯಿತು. ದಾರಿ ಅಲ್ಲಿಗೇ ಮುಗಿಯುತ್ತದೆ. ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲಿ ಎಂದು ಅದನ್ನು ಹಾಕಿದ್ದಂತೆ. ಕಡಲು ನೋಡದವನು ತಗಡನ್ನು ಕಡಲೆಂದರೆ ಅದು ಅವನ ಅಜ್ಞಾನ. ಕಡಲ ಪಕ್ಕದಲ್ಲೇ ಕಚೇರಿ ಇಟ್ಟುಕೊಂಡ ತಾವು ಕರಡಿನ ಮೇಲೆ ‘ಒಪ್ಪಿದೆ’ ಎಂದು ಸಹಿ ಹಾಕಿದ್ದನ್ನು ಏನೆನ್ನಬೇಕು? ಒಮ್ಮೆ ಕಿಟಕಿ ತೆರೆದಿದ್ದರೆ ಸಾಕಿತ್ತಲ್ಲವೇ? ಅಥವಾ ಪ್ರವಾಸಿಗಳು ಓದಿ ಬಂದರೆ ಸಾಕು, ಬಂದ ಮೇಲೆ ಏನಾಗುತ್ತದೆ ಎನ್ನುವುದು ತಮ್ಮ ಕಾರ್ಯವ್ಯಾಪ್ತಿಗೆ ಬರುವುದಿಲ್ಲವೇ?

ಹೊತ್ತಿಗೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಹೆಸರಿತ್ತು. ಅದರ ಸೊಕ್ಕಿನಲ್ಲಿ ಸಿಕ್ಕಸಿಕ್ಕವರಿಗೆ ಪ್ರತಿ ಹಂಚಿದೆ. ಒಂದು ಪ್ರತಿ ಹುಸೇನಪೀರ ಅವರಿಗೆ ಹೋಯಿತು. ಅವರು ನಮ್ಮ ಶಾಲೆಯಲ್ಲಿ ಸಿಪಾಯಿ, ಅಂದರೆ ಜವಾನರಾಗಿದ್ದವರು. ಅವರ ಹೆಂಡತಿ ಮದರಬೀ ನಾನಿದ್ದಷ್ಟು ವರ್ಷವೂ ನನ್ನ ಹೊಟ್ಟೆಯ ಕಾಳಜಿ ಮಾಡಿದವರು. ಜೈನರ ಚಾತುರ್ಮಾಸ್ಯವೆಂದು ಮಳೆಗಾಲದ ನಾಲ್ಕು ತಿಂಗಳು ನಾನು ಸೊಪ್ಪು ತಿನ್ನುವುದಿಲ್ಲವೆಂದು ನೆನಪಿಟ್ಟು, ಅವರ ಮನೆಗೆ ಹೋದಾಗ ತಟ್ಟೆಯಲ್ಲಿ ಒಂದು ಕೊತ್ತಂಬರಿ ಎಲೆಯೂ ಬೀಳದಂತೆ ನೋಡಿಕೊಳ್ಳುತ್ತಿದ್ದರು. ಆರು ವರ್ಷದ ಹಿಂದೆ ಬಿದ್ದು ಅವರ ಮಂಡಿ ಕೆಟ್ಟಿತು. ಅಂದಿನಿಂದ ಮನೆಮಂದಿ ಎಲ್ಲಿಗೆ ಹೊರಟರೂ ಮನೆ ಕಾಯುವವರು ಅವರೇ. ಸಾಯುವುದರೊಳಗೆ ಒಂದು ಸಲ ಸಮುದ್ರದ ನೀರಿನಲ್ಲಿ ಕಾಲಿಡಬೇಕು ಎನ್ನುವುದು ಅವರ ಒಂದೇ ಆಸೆ. ಮೊಮ್ಮಗಳು ಅರೀಬಾ ಕಿರುಹೊತ್ತಿಗೆ ಓದಿ ಹೇಳುವಾಗ ಗಾಲಿಕುರ್ಚಿ ಅಂದರೇನು ಎಂದು ಕೇಳಿದರಂತೆ. ವ್ಹೀಲ್‌ಚೇರ್ ಎಂದು ತಿಳಿದ ಮೇಲೆ ಆ ಸಾಲನ್ನು ಇನ್ನೊಮ್ಮೆ ಓದಿಸಿದರಂತೆ. ಮರುವಾರವೇ ಜೀಪು ಗೊತ್ತು ಮಾಡಿದರು.

ಹತ್ತರೊಳಗೆ ಹೋಗಿ ಎಂದು ನಾನು ಬರೆದಿದ್ದೆನಲ್ಲ, ಅವರು ಒಂಬತ್ತೂವರೆಗೆಲ್ಲ ಅಲ್ಲಿದ್ದರು. ಹುಸೇನಪೀರ ಗಾಲಿಕುರ್ಚಿ ಕೇಳಲು ನಿಮ್ಮ ಕಚೇರಿಗೆ ಬಂದರು. ಅಲ್ಲಿದ್ದ ಗುಮಾಸ್ತರು ಹೊತ್ತಿಗೆಯನ್ನು ತಿರುವಿ ನೋಡಿ, ಇದನ್ನೆಲ್ಲ ಬರೆದವರನ್ನೇ ಹೋಗಿ ಕೇಳಿ ಎಂದು ನಕ್ಕರಂತೆ. ಹುಸೇನಪೀರ ಜಗಳದ ಮನುಷ್ಯರಲ್ಲ. ಅವತ್ತು ಮಾತ್ರ ಮೇಜು ಬಿಟ್ಟು ಕದಲದೆ, “ಬರದವ್ರು ನಮ್ಮ ಮಾಸ್ತರ ಅದಾರ್ರಿ. ಅವ್ರು ಸುಳ್ಳ ಬರಿಯೂದಿಲ್ಲ. ನೀವ ಕುರ್ಚಿ ಎಲ್ಲೆರ ಇಟ್ಟಿರಬೇಕು, ಹುಡುಕ್ರಿ” ಎಂದು ವಾದಿಸಿದರಂತೆ. ಯಾರೂ ಹುಡುಕಲಿಲ್ಲ, ಇದ್ದರಲ್ಲವೇ ಹುಡುಕುವುದು? ಆ ಹೊತ್ತಿನ ತನಕ ಮದರಬೀ ಎರಡು ಅಂಗಡಿಗಳ ಸಂದಿಯಿಂದ ಒಂದು ಗೇಣಿನಷ್ಟು ಸಮುದ್ರ ನೋಡುತ್ತಾ ಕುಳಿತಿದ್ದರು. ಮರಳಿನಲ್ಲಿ ಊರುಗೋಲು ಹೂತುಹೋಗುತ್ತಿತ್ತು. ತಗಡಿನಿಂದ ನೀರಿಗೆ ಎಷ್ಟು ದೂರ ಎಂದು ಹುಸೇನಪೀರ ನಡೆದು ನೋಡಿದರು. ತೊಂಬತ್ತು ಹೆಜ್ಜೆ.

ಇದೊಂದೂ ಗೊತ್ತಿಲ್ಲದೆ, ಹೊಗಳಿಕೆ ಕೇಳಿ ಬರೋಣವೆಂದು ನಾನು ಮುಂದಿನ ರವಿವಾರ ಅವರ ಮನೆಗೆ ಹೋದೆ. ಚಹಾ ಕೊಟ್ಟು ಎಲ್ಲ ಹೇಳಿದರು. ಒಂದು ಕಟು ಮಾತಿಲ್ಲ. ಎಲ್ಲೋ ತಾವೇ ದಾರಿ ತಪ್ಪಿರಬೇಕು, ಬೇರೆ ದಂಡೆಗೆ ಹೋಗಿರಬೇಕು ಎಂದು ಮದರಬೀ ಪದೇಪದೇ ಹೇಳಿದರು. ಕಣ್ಣಾರೆ ಕಂಡದ್ದನ್ನು ಬಿಟ್ಟು ನಾನು ಬರೆದದ್ದನ್ನು ನಂಬುತ್ತಿದ್ದರು. ಆಮೇಲೆ ಕೇಳಿದರು: “ನೀವು ಹ್ವಾದಾಗ ನೀರು ಹ್ಯಾಂಗ ಇತ್ರಿ ಮಾಸ್ತರ್ರ? ತಣ್ಣಗ ಇತ್ತೋ, ಬೆಚ್ಚಗ ಇತ್ತೋ?”

ಆಗಲಾದರೂ ಬಾಯಿ ಬಿಡಬಹುದಿತ್ತು. ಸತ್ಯವೂ ಒಂದು ವ್ರತ ಎಂದು ಕಲಿಸಿದ ಮನೆಯಲ್ಲಿ ಬೆಳೆದವನು ನಾನು. ತಣ್ಣಗಿತ್ತು ಎಂದೆ. ಮುಂಜಾನೆ ಸ್ವಲ್ಪ ತಣ್ಣಗೇ ಇರುತ್ತದೆ ಎಂದು ಒಗ್ಗರಣೆಯನ್ನೂ ಹಾಕಿದೆ.

ಮನೆಗೆ ಬಂದು ನಿಮ್ಮ ಮೇಲೆ ಈ ಪತ್ರ ಬರೆಯಲು ಕುಳಿತೆ. ಮೊದಲ ಕರಡಿನಲ್ಲಿ ತಪ್ಪೆಲ್ಲ ನಿಮ್ಮದೇ ಆಗಿತ್ತು, ಓದಿದರೆ ರೋಮಾಂಚನವಾಗಬೇಕು, ಹಾಗಿತ್ತು. ನನ್ನ ಹೆಂಡತಿ ರತ್ನಮಾಲಾ ಓದಿ ಹಾಳೆಯನ್ನು ಮೇಜಿನ ಮೇಲಿಟ್ಟು, “ಪೇಪರಿಗೆ ಬರಿಯೂದು ಆಮ್ಯಾಲ. ಮೊದಲ ಆಕಿ ಮುಂದ ಹೋಗಿ ಖರೇ ಹೇಳಿ ಬರ್ರಿ” ಎಂದಳು. ನಿನ್ನೆ ಖಾನಾಪುರಕ್ಕೆ ಹೋಗಿ ಹೇಳಿದೆ. ಫೋಟೋ, ತಗಡು, ಕಣಕುಂಬಿ, ತಣ್ಣಗಿತ್ತು ಎಂದದ್ದು, ಯಾವುದನ್ನೂ ಬಿಡಲಿಲ್ಲ. ಹುಸೇನಪೀರ ಎದ್ದು ಹೊರಗೆ ಹೋದರು. ಮದರಬೀ, “ಹಂಗಾದ್ರ ನೀವೂ ನೋಡಿಲ್ಲ. ನಾ ಮುಟ್ಟಲಿಲ್ಲಂದ್ರೂ ನಮ್ಮ ಮಾಸ್ತರ್ರು ಮುಟ್ಟ್ಯಾರಲ್ಲ ಅಂತ ಸಮಾಧಾನ ಮಾಡಕೊಂಡಿದ್ನಿರಿ” ಎಂದರು. ಆ ಸಮಾಧಾನವನ್ನೂ ನಾನು ಕಸಿದುಕೊಂಡು ಬಂದೆ.

ಆದ್ದರಿಂದ ಮಾನ್ಯರೇ, ನನ್ನ ಕೋರಿಕೆ ಇಷ್ಟೇ. ಉಳಿದ ಪ್ರತಿಗಳಿಂದ ಏಳನೆಯ ತಾಣದ ಪುಟವನ್ನು ಈ ವಾರವೇ ಹರಿದು ಹಾಕಿ. ಎರಡನೆಯ ಮುದ್ರಣಕ್ಕೆ ‘ಇನ್ನಷ್ಟು ಸೊಗಸಾಗಿ’ ಬರೆದುಕೊಡಿ ಎಂದು ತಾವು ಕಳಿಸಿದ ಸಂದೇಶಕ್ಕೆ ಇದೇ ಉತ್ತರ: ಬರೆಯಲಾರೆ. ಸೊಗಸು ಸಾಕು, ಹಲಗೆ ಹಾಕಿಸಿ. ತೊಂಬತ್ತು ಹೆಜ್ಜೆಯಷ್ಟು ಹಲಗೆ ಮತ್ತು ಒಂದು ಗಾಲಿಕುರ್ಚಿ. ಅದಕ್ಕೆ ಸಮಿತಿ, ಸಮೀಕ್ಷೆ, ವರದಿ ಎಂದು ವರ್ಷಗಟ್ಟಲೆ ಎಳೆಯಬೇಡಿ. ಮದರಬೀ ಅವರ ಇನ್ನೊಂದು ಮಂಡಿಯೂ ನೋಯಲು ಶುರುವಾಗಿದೆ.

ಇಂತಿ,
ಕಾಣದ ಕಡಲನ್ನು ನೋಡಲೇಬೇಕೆಂದು ಊರಿಗೆಲ್ಲ ಹೇಳಿದ,
ತವನಪ್ಪ
ಖಾಸಬಾಗ, ಬೆಳಗಾವಿ