ಮುರಿದ ಮೆಟ್ಟಿಲು

ಮಂಗಳವಾರ, ೧೭ನೇ ತಾರೀಕು

ಭಾವನ ಕೈಗೆ ಒಂಬತ್ತು ಹೊಲಿಗೆ ಬಿದ್ದಿವೆ. ಅದೂ ಬಲಗೈಗೆ, ಗಾಜು ಕತ್ತರಿಸುವ ಕೈಗೆ.

ದೊಡ್ಡ ಗಾಜನ್ನು ಮೆಟ್ಟಿಲಿಳಿಸುವಾಗ ಮುಂದಿನವನು ಹಿಮ್ಮುಖವಾಗಿ ಇಳಿಯಬೇಕು. ಹಿಂದಿನವನ ಬಾಯೇ ಅವನಿಗೆ ಕಣ್ಣು. ಹನ್ನೊಂದು ವರ್ಷ ನಾನು ಕೂಗಿದ್ದೇನೆ, ಭಾವ ನಂಬಿ ಕಾಲಿಟ್ಟಿದ್ದಾನೆ. ಚುನಾವಣೆಯ ದಿನ ಅವನು ನನ್ನ ಪಕ್ಷವನ್ನು ಕಳ್ಳರ ಸಂತೆ ಎಂದ, ನಾನು ಅವನನ್ನು ಕುರಿ ಎಂದೆ. ಅಂದಿನಿಂದ ಮಾತಿಲ್ಲ. ಕೆಲಸದ ಕೂಗೊಂದೇ ಉಳಿದಿತ್ತು.

ಇವತ್ತು ಗಾಜು ಇಳಿಸುವಾಗ ಅವನ ಅಂಗಿಯ ಮೇಲೆ ಅವನ ಪಕ್ಷದ ಬಿಲ್ಲೆ ಕಂಡು ಮೈ ಉರಿಯಿತು. ಮುರಿದ ಮೆಟ್ಟಿಲು ನನಗೆ ಚೆನ್ನಾಗಿಯೇ ಕಾಣುತ್ತಿತ್ತು. ಬೇಕಿದ್ದರೆ ಅವನೇ ಕೇಳಲಿ ಎಂದುಕೊಂಡೆ, ಒಂದು ಉಸಿರಿನಷ್ಟು ಹೊತ್ತು. ಬೀಳಲಿ ಅಂತಲ್ಲ, ದೇವರಾಣೆ... ಆಣೆ ಹಾಕಲು ನನಗೆ ಯಾವ ಮುಖವಿದೆ?

ಈಗಷ್ಟೇ ಅಕ್ಕ ಫೋನ್ ಮಾಡಿದ್ದಳು. ಬೈಯುತ್ತಾಳೆಂದು ಕಾದೆ.

"ನೀನು ಕೂಗಿದ್ಯಂತೆ ಕಣೋ, ಇವ್ರಿಗೇ ಕೇಳಿಸ್ಲಿಲ್ವಂತೆ. ಮನಸ್ಸಿಗೆ ಹಚ್ಕೋಬೇಡ ಅಂತ ಹೇಳು ಅಂದ್ರು."

ಬೀಳುವಾಗ ಅವನು ನನ್ನನ್ನೇ ನೋಡುತ್ತಿದ್ದ. ಮುಚ್ಚಿದ ನನ್ನ ಬಾಯಿ ಗಾಜಿನಾಚೆ ಅವನಿಗೆ ಸ್ಪಷ್ಟವಾಗಿ ಕಂಡಿದೆ.

"ಹೌದಕ್ಕ, ಕೂಗಿದ್ದೆ" ಎಂದೆ.