ಕೆಳಗಿನ ಓಣಿಯ ತೂಬು ಮತ್ತು ಮೊದಲ ಸಾಲು

ತೂಬುಮನೆ, ಕೆಳಗಿನ ಓಣಿ
ಫೆಬ್ರುವರಿ ಮೂವತ್ತು, ೨೩೧೧

ಮೇಜಿನ ಕಂಪ್ಯೂಟರುಗಳ ಕಾಲದವರಿಗೆ,

ತಾರೀಖು ತಪ್ಪಿಲ್ಲ, ನಮ್ಮ ಫೆಬ್ರುವರಿಗೆ ಮೂವತ್ತು ದಿನ. ನಿಮ್ಮ ಬರವಣಿಗೆಯ ಕನ್ನಡವನ್ನು ಹಳೆಯ ಕಡತಗಳಿಂದ ಕಲಿತಿದ್ದೇನೆ. ಮಾತು ಎಲ್ಲಾದರೂ ಸೊಟ್ಟಗಿದ್ದರೆ ಕ್ಷಮಿಸಿ. ಹೇಳುವ ವಿಷಯಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ನನ್ನ ಹೆಸರು ಹುಲಿಗೆವ್ವ, ವಯಸ್ಸು ಹದಿನೇಳು. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳು. ಕೂತಲ್ಲೇ ಕೂತು ಬಾಯಿಪಾಠ ಮಾಡುವುದು ನನ್ನಿಂದ ಆಗಲಿಲ್ಲ.

ನಮ್ಮೂರಿಗೆ ನೀರು ಬರುವುದು ಬಂಡೆಯೊಳಗೆ ಕೊರೆದ ತೊಟ್ಟಿಯಿಂದ. ಮೇಲಿನ ಓಣಿಗೊಂದು ತೂಬು, ಕೆಳಗಿನ ಓಣಿಗೊಂದು. ಬೆಳಿಗ್ಗೆ ತೂಬುಮನೆಯ ಕಂಪ್ಯೂಟರಿನಲ್ಲಿ ಆಯಾ ಓಣಿಯ ಓಡೋಲೆಯನ್ನು ಎರಡು ಸಲ ಒತ್ತಿದರೆ ತೂಬು ತೆರೆಯುತ್ತದೆ. ಅಷ್ಟರಲ್ಲಿ ಕೊಡಗಳು ಸಾಲಾಗಿ ಕೂತಿರುತ್ತವೆ, ಎಮ್ಮೆಗಳು ಯಾರೂ ಕರೆಯದೆ ಬಂದು ನಿಂತಿರುತ್ತವೆ. ಓಡೋಲೆ ಎಂದರೆ ನೀವು ಶೆಲ್ ಸ್ಕ್ರಿಪ್ಟ್ ಎನ್ನುತ್ತಿದ್ದುದು, ಕಂಪ್ಯೂಟರ್ ಒಂದೊಂದೇ ಸಾಲು ಓದಿ ನಡೆಸಬೇಕಾದ ಆಜ್ಞೆಗಳ ಓಲೆ. ನಮ್ಮ ಸೆಕೆಗೆ ಅದನ್ನಿಟ್ಟ ಬಿಲ್ಲೆಗಳು, ನಿಮ್ಮ ಡಿಸ್ಕುಗಳು, ವರ್ಷದೊಳಗೆ ಕೆಡುತ್ತವೆ. ಆದ್ದರಿಂದ ಪ್ರತಿ ಸಂಕ್ರಾಂತಿಗೆ ನಕಲುಗಾರರು ಸ್ನಾನ ಮಾಡಿ, ಅಕ್ಷರ ಬಿಡದೆ ಹೊಸ ಬಿಲ್ಲೆಗೆ ಟೈಪು ಮಾಡುತ್ತಾರೆ.

ಈ ಸಂಕ್ರಾಂತಿಯ ನಂತರ ಕೆಳಗಿನ ಓಣಿಯ ಓಡೋಲೆ ಓಡಲಿಲ್ಲ. ಒತ್ತಿದರೆ ಪುಸ್ತಕದ ಹಾಗೆ ಓದಲು ತೆರೆದುಕೊಂಡಿತು. ನಕಲುಗಾರರು ಅದರ ಮುಂದೆ ಕೂತು ಗಟ್ಟಿಯಾಗಿ ಓದಿಯೇ ಓದಿದರು. ತೂಬು ಅಲುಗಲಿಲ್ಲ, ನಾವು ಮೇಲಿನ ಓಣಿಯಿಂದ ಕೊಡ ಹೊತ್ತು ತಂದೆವು. ಹೋಳಿಯೊಳಗೆ ಓಡದಿದ್ದರೆ ನಮ್ಮ ಓಣಿಯನ್ನು ಖಾಲಿ ಮಾಡಿಸುವುದೆಂದು ಊರ ಹಿರಿಯರು ತೀರ್ಮಾನಿಸಿದರು.

ನಾನು ಹೋಗಿ ಕಂಪ್ಯೂಟರಿನ ಮುಂದೆ ಕೂತೆ.

"ಸಾಲಿ ಬಿಟ್ಟಾಕಿಗೆ ಇದರಾಗೇನ್ ತಿಳಿತೈತವ್ವಾ?" ಎಂದರು ನಕಲುಗಾರರ ಹಿರಿಯ ಕಳಕಪ್ಪ ಮಾಸ್ತರು.

"ತಿಳಿಯಂಗಿಲ್ರಿ. ಓಡೋದನ್ನೂ ಓಡದ್ದನ್ನೂ ಬಾಜೂಕ ಇಟ್ಟು ನೋಡ್ತೀನಿ."

ಮೊದಲು ಕಂಪ್ಯೂಟರನ್ನು ಆರಿಸಿ ಹಚ್ಚಿದೆ, ಬಿಲ್ಲೆ ಬದಲಿಸಿದೆ, ತಂತಿಗಳನ್ನು ಕಿತ್ತು ಸಿಕ್ಕಿಸಿದೆ. ಎಲ್ಲವೂ ದಂಡ. ಕೊನೆಗೆ ಎರಡು ಓಣಿಯ ಓಡೋಲೆಗಳನ್ನೂ ಅಕ್ಕಪಕ್ಕ ತೆರೆದು ನೋಡಿದೆ. ಮೇಲಿನ ಓಣಿಯದನ್ನು ನಕಲು ಮಾಡಿದವನು ಸೋಮಾರಿ ಬಾಳಪ್ಪ, ತಲೆಯ ಮೇಲೆ ಏನೂ ಹಾಕಿರಲಿಲ್ಲ. ನಮ್ಮದನ್ನು ಈ ಸಲ ಸ್ವತಃ ಮಾಸ್ತರು ಬರೆದಿದ್ದರು, ಎಲ್ಲ ಬರಹಕ್ಕೂ ಹಾಕುವ ಹಾಗೆ ತಲೆಯ ಮೇಲೆ 'ಶ್ರೀ' ಹಾಕಿ. ಇದನ್ನು ಯಾವ ಪ್ರೋಗ್ರಾಮು ನಡೆಸಬೇಕೆಂದು ಕಂಪ್ಯೂಟರಿಗೆ ಹೇಳುವ ಸಾಲು ಎಲ್ಲಕ್ಕಿಂತ ಮೊದಲಿರಬೇಕಿತ್ತು. ಅದು ಎರಡನೆಯದಾಗಿ ಕೆಳಗೆ ಸರಿದಿತ್ತು. ಶ್ರೀಯನ್ನು ಅಳಿಸಲಿಲ್ಲ. ಒಂದು ಸಾಲು ಕೆಳಗಿಳಿಸಿ, ಕಂಪ್ಯೂಟರ್ ಅದನ್ನು ದಾಟಿ ಹೋಗಲೆಂದು ಮುಂದೆ ಅಡ್ಡಗೆರೆ ಉದ್ದಗೆರೆಯ ಜಾಲರಿ ಗುರುತು, ನಿಮ್ಮ ಹ್ಯಾಶ್, ಹಾಕಿದೆ. ಒತ್ತಿದೆ. ನೆಲದಡಿ ಏನೋ ಗೊರಗುಟ್ಟಿತು.

"ಯವ್ವಾ, ನೀರ್ ಬಂತಬೇ!" ಹೊರಗೆ ಯಾರೋ ಕೂಗಿದರು.

ಅದಾದ ಮೇಲೆ ಹಿರಿಯರು ಬಂದರು. ನಕಲುಗಾರರ ಪಾರಾಯಣ ಫಲಿಸಿ ನೀರು ಬಂತೆಂದು ಊರಿಗೆ ಸಾರುವರಂತೆ. ನಾನು ಒಪ್ಪಿದರೆ ಮತ್ತೆ ಶಾಲೆ, ಮುಂದೆ ನಕಲುಗಾರರ ಪೀಠ. ಇಲ್ಲವಾದರೆ ಕಂಪ್ಯೂಟರ್ ಮುಟ್ಟುವಂತಿಲ್ಲ.

"ಒಂದ್ ಹೂಂ ಅಂದಬಿಡ. ನಿಂದೇನ್ ಗಂಟ ಹೋಕ್ಕೈತಿ?" ಎಂದರು ಮಾಸ್ತರು.

ನಾನು ಹೂಂ ಅನ್ನಲಿಲ್ಲ. ಹೂಂ ಅಂದರೆ ಮುಂದಿನ ಸಂಕ್ರಾಂತಿಗೆ ಬಾಳಪ್ಪನ ಕೈಯಲ್ಲೂ ಶ್ರೀ ಹಾಕಿಸುತ್ತಾರೆ. ಆಗ ಎರಡೂ ಓಣಿಗಳು ಒಣಗುತ್ತವೆ. ಅವರನ್ನು ಹೊರಗೆ ಕಳಿಸಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದೇನೆ. ಆದದ್ದನ್ನು ಆದ ಹಾಗೆ ಅವರು ಊರಿಗೆ ಹೇಳುವವರೆಗೂ ತೆಗೆಯುವುದಿಲ್ಲ.

ನಿಮ್ಮ ಮೇಲೂ ನನಗೆ ಸಿಟ್ಟಿದೆ. ಏನು ಮಾಡಬೇಕೆಂದು ಬರೆದಿಟ್ಟು ಹೋದಿರಿ, ಯಾಕೆಂದು ಬರೆಯಲಿಲ್ಲ. ನಿಮಗೆ ಗೊತ್ತಿತ್ತು, ನಮಗೂ ಗೊತ್ತಿರುತ್ತದೆಂದುಕೊಂಡಿರಿ. ಇನ್ನಾದರೂ ಪ್ರತಿ ಸಾಲಿನ ಪಕ್ಕದಲ್ಲಿ ಅದರ ಕಾರಣ ಬರೆಯಿರಿ. ನಾನು ನನ್ನದನ್ನು ಬರೆದಾಗಿದೆ, ಶ್ರೀಯ ಕೆಳಗೇ, ಅದೇ ಜಾಲರಿ ಗುರುತು ಹಾಕಿ: ಕಂಪ್ಯೂಟರ್ ನೋಡುವುದು ಮೊದಲ ಸಾಲನ್ನು, ಅದರ ತಲೆಯ ಮೇಲೆ ಏನನ್ನೂ ಇಡಬೇಡಿ, ದೇವರನ್ನೂ.

ಬಾಗಿಲು ಬಡಿಯುತ್ತಿದ್ದಾರೆ. ಬಡಿಯಲಿ. ನಾಳೆ ಎಮ್ಮೆಗಳು ಬರುವ ಹೊತ್ತಿಗೆ ಎರಡೂ ತೂಬುಗಳನ್ನು ನಾನೇ ತೆರೆಯುತ್ತೇನೆ.

ಹುಲಿಗೆವ್ವ